ಡಬ್ಬಿಯ ಮೇಲೆ ನಿನ್ನ ಹೆಸರಿರಲಿ

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ನೀನು ಕಳಿಸಿದ ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ ಮೂರೂ ತಲುಪಿದವು. ರುಚಿಯ ವಿಚಾರ ನಾನು ಹೇಳುವಂಥದ್ದೇನಿಲ್ಲ, ಅದು ನಿಮ್ಮಜ್ಜಿಯ ಕೈ. ಜೊತೆಗೆ ಒಂದು ಪ್ರಶ್ನೆ ಕೇಳಿದ್ದೀಯ. ತಿಂಗಳಿಗೆ 15,000 ರೂಪಾಯಿ ಕೊಟ್ಟರೆ ಇನ್‌ಸ್ಟಾಗ್ರಾಂ, ಫೇಸ್‌ಬುಕ್ಕಿನಲ್ಲಿ ನಿನ್ನ ಪುಡಿಗಳ ಪ್ರಚಾರ ನೋಡಿಕೊಳ್ಳುತ್ತೇವೆ ಎಂದು ಯಾರೋ ಬಂದಿದ್ದಾರೆ, ಒಪ್ಪಿಕೊಳ್ಳಲೇ ಅಂತ. ಈಗ ಬೇಡ. ಯಾಕೆ ಬೇಡ, ಬದಲಿಗೆ ಏನು ಮಾಡಬಹುದು ಅನ್ನುವುದನ್ನು ಫೋನಿನಲ್ಲಿ ಹೇಳಿದರೆ ಅರ್ಧ ಮರೆಯುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಮನೆಯಲ್ಲೇ ಏನೋ ಒಂದನ್ನು ಚೆನ್ನಾಗಿ ಮಾಡಲು ಕಲಿತು, ಮಾರುವುದು ಹೇಗೆಂದು ತೋಚದೆ ಕೂತಿರುವ ಹುಡುಗ ಹುಡುಗಿಯರು ಊರ ತುಂಬ ಇರುವುದರಿಂದ ಈ ಕಾಗದವನ್ನು ಪತ್ರಿಕೆಗೂ ಕೊಡುತ್ತಿದ್ದೇನೆ. ನಿನ್ನ ಹೆಸರು ಹಾಕಿಲ್ಲ, ಗಾಬರಿಯಾಗಬೇಡ.

ಮೊದಲು ಲೆಕ್ಕ. 200 ಗ್ರಾಂ ಪ್ಯಾಕೆಟ್ಟನ್ನು 100 ರೂಪಾಯಿಗೆ ಕೊಡುತ್ತೀಯ. ಮೆಣಸಿನಕಾಯಿ, ಧನಿಯ, ಬೇಳೆ, ಗ್ಯಾಸು, ಮಿಲ್ಲಿನವನ ಕೂಲಿ, ಕವರು, ನಿನ್ನ ಕೂಲಿ (ಇದನ್ನು ನೀನು ಲೆಕ್ಕಕ್ಕೇ ಹಿಡಿದಿಲ್ಲ, ಹಿಡಿ) ಎಲ್ಲ ಕಳೆದು 25 ರೂಪಾಯಿ ಉಳಿಯಿತು ಅಂದುಕೊ. ಆ 15,000 ಹುಟ್ಟಬೇಕಾದರೆ 600 ಪ್ಯಾಕೆಟ್ ಹೆಚ್ಚಿಗೆ ಹೋಗಬೇಕು. ಈಗ ನಿನ್ನದು ತಿಂಗಳಿಗೆ 200 ಚಿಲ್ಲರೆ. ಪ್ರಚಾರ ಫಲಿಸಿ ಒಂದೇ ತಿಂಗಳಲ್ಲಿ 800 ಪ್ಯಾಕೆಟ್ಟಿಗೆ ಬೇಡಿಕೆ ಬಂತು ಅಂತಲೇ ಇಟ್ಟುಕೊಳ್ಳೋಣ. ಬಾಣಲೆ ಒಂದೇ, ಕೈ ಎರಡೇ. ಅವಸರಕ್ಕೆ ಮೆಂತ್ಯ ಒಂದು ಸಲ ಸೀದರೆ ಸಾಕು, ನಿನ್ನ ಹೆಸರನ್ನು ಅದೇ ಮೊದಲು ಕೇಳಿದ ನೂರಾರು ಮನೆಗಳಲ್ಲಿ ಸಾರು ಕಹಿ.

ಅದೇ ಲೆಕ್ಕವನ್ನು ಇನ್ನೊಂದು ಕಡೆಯಿಂದ ನೋಡು. ನಿನ್ನ ಪುಡಿ ಹಿಡಿಸಿ ತಿಂಗಳಿಗೊಂದು ಪ್ಯಾಕೆಟ್ ತೆಗೆದುಕೊಳ್ಳುವ ಮನೆಯಿಂದ ವರ್ಷಕ್ಕೆ 300 ರೂಪಾಯಿ ಉಳಿಯುತ್ತದೆ. ಒಂದು ಸಲ ಕೊಂಡು ಮರೆತ ಮನೆಯಿಂದ 25. ಇಬ್ಬರನ್ನೂ ಹುಡುಕಿಕೊಳ್ಳಲು ತಗಲುವ ಶ್ರಮ ಒಂದೇ. ಅಂದಮೇಲೆ ನಿನ್ನ ದುಡ್ಡು, ತಲೆ ಎರಡೂ ಮೊದಲು ಖರ್ಚಾಗಬೇಕಾದ್ದು ಕೊಂಡವರು ಎರಡನೆಯ ಸಲ ಕೊಳ್ಳುವ ಹಾಗೆ ಮಾಡುವುದಕ್ಕೆ. ನಾನು ಅಂಗಡಿ ನಡೆಸುತ್ತಿದ್ದಾಗ ಅಲ್ಲಿ ಕೂತು ಕಂಡದ್ದು ಇಷ್ಟು: ಚೆನ್ನಾಗಿಲ್ಲ ಅಂತ ಬಿಟ್ಟವರಿಗಿಂತ ಮರೆತು ಬಿಟ್ಟವರೇ ಜಾಸ್ತಿ. ‘ಹೋದ ಸಲ ಒಂದು ಪುಡಿ ತಗೊಂಡಿದ್ದೆ, ಚೆನ್ನಾಗಿತ್ತು, ಹೆಸರೇನೋ ನೆನಪಿಲ್ಲ, ಹಸಿರು ಕವರು’ ಅನ್ನುವ ಮಾತನ್ನು ಕೇಳಿ ಕೇಳಿ ನನಗೆ ಸಾಕಾಗಿತ್ತು.

ಯಾಕೆ ನೆನಪಿರುವುದಿಲ್ಲ ಅಂದರೆ, ನಮ್ಮ ಅಡಿಗೆಮನೆಗಳಲ್ಲಿ ಪ್ಯಾಕೆಟ್ಟಿಗೆ ಆಯುಸ್ಸಿಲ್ಲ. ತಂದ ದಿನವೇ ಕತ್ತರಿಸಿ, ಪುಡಿಯನ್ನು ಸ್ಟೀಲು ಡಬ್ಬಿಗೋ ಹಾರ್ಲಿಕ್ಸ್ ಬಾಟಲಿಗೋ ಸುರಿದು, ಕವರನ್ನು ಕಸಕ್ಕೆ ಹಾಕುತ್ತಾರೆ. ನೀನು ಡಿಸೈನ್ ಮಾಡಿಸಿದ ಲೋಗೊ, ಬಣ್ಣ, ಫೋನ್ ನಂಬರು ಎಲ್ಲ ಅದರ ಜೊತೆಗೇ ಹೋಯಿತು. ಇಪ್ಪತ್ತೈದು ದಿನ ಬಿಟ್ಟು ಪುಡಿ ತಳ ಕಂಡಾಗ ಮನೆಯಾಕೆಯ ಕೈಯಲ್ಲಿರುವುದು ಹೆಸರಿಲ್ಲದ ಡಬ್ಬಿ. ಮುಚ್ಚಳಕ್ಕೆ ಅಂಟಿಸುವ ಒಂದು ಸ್ಟಿಕರನ್ನು ಪ್ರತಿ ಪ್ಯಾಕೆಟ್ಟಿನ ಜೊತೆ ಕೊಡು. ಅದರಲ್ಲಿ ದೊಡ್ಡ ಕನ್ನಡ ಅಕ್ಷರದಲ್ಲಿ ‘ಸಾರಿನ ಪುಡಿ’ ಅಂತಿರಲಿ, ಕೆಳಗೆ ನಿನ್ನ ಪುಡಿಯ ಹೆಸರು, ನಂಬರು. ದೊಡ್ಡದಾಗಿ ಇರಬೇಕಾದ್ದು ಸಾರಿನ ಪುಡಿ ಅನ್ನುವ ಮಾತೇ ಹೊರತು ನಿನ್ನ ಹೆಸರಲ್ಲ. ಯಾಕೆಂದರೆ ಅವರು ಅದನ್ನು ಅಂಟಿಸುವುದು ಸಾರಿನ ಪುಡಿಗೂ ಹುಳಿಪುಡಿಗೂ ಗೊಂದಲ ಆಗದಿರಲಿ ಅಂತ, ನಿನ್ನ ಮೇಲಿನ ಪ್ರೀತಿಗಲ್ಲ. ನಿನ್ನ ಹೆಸರು ಆ ಅನುಕೂಲದ ಬೆನ್ನೇರಿ ಒಳಗೆ ಹೋಗುತ್ತದೆ. ಎಣ್ಣೆ ಕೈ ಮುಟ್ಟಿದರೂ ಅಳಿಸದ ಸ್ಟಿಕರು ಮಾಡಿಸು, ಪೇಪರಿನದು ಒಂದು ವಾರವೂ ಬಾಳದು. ಅಕ್ಷರ ತಪ್ಪಿಲ್ಲದೆ ಅಚ್ಚಾಗಲಿ. ‘ಚಟ್ನೀ ಪೂಡಿ’ ಎಂದು ಅಚ್ಚಾದ ಪ್ಯಾಕೆಟ್ಟುಗಳನ್ನು ನೋಡಿದಾಗಲೆಲ್ಲ ಒಳಗಿನ ಸರಕಿನ ಮೇಲೂ ನನಗೆ ಅನುಮಾನ.

ಮನೆಯೊಳಗೆ ಉಳಿಯುವ ವಸ್ತುವಿನ ಮೇಲೆ ಹೆಸರಿಡುವ ಈ ಉಪಾಯ ನಾನು ಹೊಸದಾಗಿ ಕಂಡುಹಿಡಿದದ್ದೇನಲ್ಲ. ನಿಮ್ಮ ಮೈಸೂರಿನದೇ ಸರಕನ್ನು ನೋಡು. ಮೊದಲನೆಯ ಮಹಾಯುದ್ಧದ ಕಾಲಕ್ಕೆ ಹೊರದೇಶಕ್ಕೆ ಹೋಗದೆ ಶ್ರೀಗಂಧ ರಾಶಿ ಬಿದ್ದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಮತ್ತು ವಿಶ್ವೇಶ್ವರಯ್ಯನವರ ಕಾಲದಲ್ಲಿ ಎಣ್ಣೆ ತೆಗೆಯುವ ಕೆಲಸ ಶುರುವಾಯಿತು. ಅದರ ಬೆನ್ನಿಗೇ ಬಂದದ್ದು ಮೈಸೂರು ಸ್ಯಾಂಡಲ್ ಸೋಪು. ಸೋಪು ಮಾಡುವ ವಿದ್ಯೆ ಕಲಿಯಲು ಇಂಗ್ಲೆಂಡಿಗೆ ಹೋಗಿಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳು ಅದನ್ನು ಒಡವೆ ಇಡುವ ಪೆಟ್ಟಿಗೆಯಂಥ ಡಬ್ಬಿಯಲ್ಲಿ ಇಡಿಸಿದರು. ಪ್ರಚಾರಕ್ಕೆ ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯನ್ನೂ ಮಾಡಿಸಿದ್ದರಂತೆ. ಸರ್ಕಾರದ ದುಡ್ಡು, ಒಂಟೆ ಕರೆಸಬಹುದು. ಆದರೆ ಅದೇ ಸೋಪಿನ ಜಾಹೀರಾತು ಟ್ರಾಂ ಟಿಕೆಟ್ಟಿನ ಮೇಲೂ ಬೆಂಕಿಪೊಟ್ಟಣದ ಮೇಲೂ ಇತ್ತು. ಒಂಟೆ ಒಂದು ಸಲ ಬೀದಿಯಲ್ಲಿ ಹೋಗುತ್ತದೆ. ಬೆಂಕಿಪೊಟ್ಟಣ ಕಡ್ಡಿ ಮುಗಿಯುವವರೆಗೆ ಒಲೆಯ ಪಕ್ಕದಲ್ಲೇ ಇರುತ್ತದೆ. ನಮ್ಮ ಜವಳಿ ಅಂಗಡಿಯವರು ಕೊಡುತ್ತಿದ್ದ ಬಟ್ಟೆಯ ಕೈಚೀಲ, ದಿನಸಿ ಅಂಗಡಿಯವರು ಹೊಸ ವರ್ಷಕ್ಕೆ ಕೊಡುತ್ತಿದ್ದ, ರಾಹುಕಾಲ ಗುಳಿಕಕಾಲ ಅಚ್ಚಾದ ಕ್ಯಾಲೆಂಡರು, ಎಲ್ಲ ಇದೇ ಜಾತಿಯವು. ನಿನಗೆ ಕ್ಯಾಲೆಂಡರಿನ ಶಕ್ತಿ ಇನ್ನೂ ಇಲ್ಲ. ಸ್ಟಿಕರಿನದು ಇದೆ.

ಎರಡನೆಯದು ಒಂದು ಉದ್ದನೆಯ ನೋಟ್‌ಬುಕ್ಕು. ಮನೆಗೊಂದು ಪುಟ. ಯಾರು, ಎಲ್ಲಿ, ಯಾವ ಪುಡಿ, ಯಾವ ದಿನ, ಮನೆಯಲ್ಲಿ ಎಷ್ಟು ಜನ, ಖಾರ ಕಡಿಮೆ ಬೇಕೆಂದರೇ, ಬೆಳ್ಳುಳ್ಳಿ ತಿನ್ನುವವರೇ ಇಲ್ಲವೇ. ಮೂರು ಸಲ ಕೊಂಡ ಮನೆಯ ಪುಟ ನೋಡಿದರೆ ಅವರ ಡಬ್ಬಿ ಎಂದು ಖಾಲಿಯಾಗುತ್ತದೆಂದು ನಿನಗೇ ಗೊತ್ತಾಗುತ್ತದೆ. ಅದಕ್ಕೆ ನಾಲ್ಕು ದಿನ ಮೊದಲು ಒಂದು ಮಾತು ಕೇಳು. ಆಮೇಲೆ ಅವರನ್ನು ವರ್ತನೆಗೆ, ಅಂದರೆ ಪ್ರತಿ ಸಲ ಕೇಳದೆಯೇ ತಿಂಗಳು ತಿಂಗಳು ತಲುಪಿಸುವ ಪಟ್ಟಿಗೆ, ಹಾಕಿಕೊ. ಹಾಲು, ಪೇಪರು, ಹೂವು ಮೂರೂ ನಮ್ಮೂರಿನಲ್ಲಿ ವರ್ತನೆಯ ಮೇಲೇ ನಡೆದುಬಂದ ವ್ಯಾಪಾರ. ಬೆಳಗಾಗುವ ಮುಂಚೆ ಗೇಟಿಗೆ ತಗುಲಿಸಿದ ಚೀಲಕ್ಕೆ ಮೊಳ ಹೂವು ಹಾಕಿ ಹೋಗುವಾಕೆ ಎಲ್ಲಾದರೂ ಜಾಹೀರಾತು ಕೊಟ್ಟದ್ದು ಕಂಡಿದ್ದೀಯಾ? ತಿಂಗಳ ಮೊದಲ ವಾರ ಸಂಬಳದ ಕೈ ಸಡಿಲವಾಗಿರುತ್ತದೆ, ದಿನಸಿ ತರುವುದೂ ಆಗಲೇ. ಐದನೇ ತಾರೀಖಿನೊಳಗೆ ಪುಡಿ ಮನೆ ಸೇರುವ ಹಾಗೆ ನೋಡಿಕೊ. ಐವತ್ತು ವರ್ತನೆ ಮನೆ ಆದರೆ ಎಷ್ಟು ಮೆಣಸಿನಕಾಯಿ ಕೊಳ್ಳಬೇಕು ಅನ್ನುವ ತಲೆನೋವೂ ಅರ್ಧ ಹೋಗುತ್ತದೆ.

ವಾಟ್ಸಾಪಿನ ಬಗ್ಗೆ ನನಗಿಂತ ನಿನಗೆ ಹೆಚ್ಚು ಗೊತ್ತು, ಆದರೂ ಒಂದೆರಡು ಮಾತು. ವ್ಯಾಪಾರಕ್ಕೆಂದೇ ಇರುವ ವಾಟ್ಸಾಪ್ ಬಿಸಿನೆಸ್ ಪುಕ್ಕಟೆ ಸಿಗುತ್ತದೆ, ಅದಕ್ಕೆ ಬೇರೆ ಸಿಮ್ ಹಾಕಿಕೊ, ಮನೆ ಮಾತು ಅದರೊಳಗೆ ಬೆರೆಯದಿರಲಿ. ಪುಡಿಗಳ ಫೋಟೊ, ಬೆಲೆ ಎಲ್ಲ ಅದರ ಕ್ಯಾಟಲಾಗಿನಲ್ಲಿ ಒಮ್ಮೆ ಹಾಕಿದರೆ ಕೇಳಿದವರಿಗೆಲ್ಲ ಹೊಸದಾಗಿ ಟೈಪು ಮಾಡುವುದು ತಪ್ಪುತ್ತದೆ. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ಕಳಿಸಿದ ಸಂದೇಶ ನಿನ್ನ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಇನ್ನೂರು ಜನಕ್ಕೆ ಕಳಿಸಿದೆ, ಒಬ್ಬರೂ ಉತ್ತರಿಸಲಿಲ್ಲ ಅಂತ ಕೊರಗುತ್ತಾರೆ. ಆದ್ದರಿಂದ ಮೊದಲ ಪ್ಯಾಕೆಟ್ ಕೊಡುವಾಗಲೇ ‘ನನ್ನ ನಂಬರು ಸೇವ್ ಮಾಡಿಕೊಳ್ಳಿ ಆಂಟಿ, ಹೊಸ ಪುಡಿ ಮಾಡಿದಾಗ ಹೇಳ್ತೀನಿ’ ಅನ್ನು, ಎದುರಿಗೇ ಮಾಡಿಸು. ಕೇಳದೆ ಯಾರನ್ನೂ ಗುಂಪಿಗೆ ಸೇರಿಸಬೇಡ. ದಿನಾ ಬೆಳಿಗ್ಗೆ ಸೂರ್ಯೋದಯದ ಚಿತ್ರ ಕಳಿಸುವುದೂ ಬೇಡ, ಎರಡನೇ ವಾರಕ್ಕೆ ನಿನ್ನ ಸದ್ದು ಅಡಗಿಸುತ್ತಾರೆ. ಹೇಳುವ ಸುದ್ದಿ ಇದ್ದಾಗ ಮಾತ್ರ ಹೇಳು. ಹೊಸ ಬೆಳೆಯ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಗೆ ಬಂದದ್ದು ಸುದ್ದಿ. ಖಾರ ಕಮ್ಮಿ, ಬಣ್ಣ ಜಾಸ್ತಿ ಎಂದು ಹೆಸರಾದ ಕಾಯಿ ಅದು, 2011ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ. ‘ಗುರುವಾರ ಹೊಸ ಕಾಯಿ ಹುರಿಯುತ್ತೇನೆ, ಶನಿವಾರಕ್ಕೆ ಪುಡಿ ಸಿದ್ಧ, ಎಷ್ಟು ಎತ್ತಿಡಲಿ?’ ಇಷ್ಟು ಬರೆದರೆ ಜಾಹೀರಾತೂ ಅದೇ, ಆರ್ಡರ್ ಫಾರಮ್ಮೂ ಅದೇ.

ಇಷ್ಟಾದ ಮೇಲೆ ಹೊಸಬರ ಮಾತು. ಅಲ್ಲೂ ಮೊದಲು ನೆಚ್ಚಬೇಕಾದ್ದು ಹಳಬರನ್ನೇ. ನಮ್ಮ ಹಬ್ಬಗಳಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ತಿನ್ನುವ ಪದಾರ್ಥ ಹೋಗುವ ಎಷ್ಟು ದಾರಿಗಳಿವೆ ಯೋಚಿಸು. ಸಂಕ್ರಾಂತಿಗೆ ಎಳ್ಳು ಬೀರುತ್ತಾರೆ. ಕೊಬ್ಬರಿ, ಬೆಲ್ಲವನ್ನು ಸಣ್ಣಗೆ ಹೆಚ್ಚಿ, ಕಡಲೆಬೀಜ ಹುರಿದು ಸಿಪ್ಪೆ ತೆಗೆದು ಕೂರುವ ವ್ಯವಧಾನ ಈಗಿನ ಕೆಲಸಕ್ಕೆ ಹೋಗುವ ಹೆಂಗಸರಿಗೆ ಎಲ್ಲಿದೆ? ನಿನ್ನ ವರ್ತನೆ ಮನೆಗಳಿಗೆ ಡಿಸೆಂಬರಿನಲ್ಲೇ ಹೇಳಿ ಎಳ್ಳು ಬೆರಕೆಯ ಆರ್ಡರ್ ತಗೊ. ಎರಡು ಕಿಲೋ ಕೊಂಡ ಮನೆಯವರು ಅದನ್ನು ಪುಟ್ಟ ಪುಟ್ಟ ಕವರು ಮಾಡಿ ಬೀದಿಯ ಇಪ್ಪತ್ತು ಮನೆಗೆ ಹಂಚುತ್ತಾರೆ. ಆ ಕವರುಗಳನ್ನು ನೀನೇ ಕಟ್ಟಿಕೊಡು, ತಳದಲ್ಲಿ ಸಣ್ಣದಾಗಿ ನಿನ್ನ ಹೆಸರು. ಇಪ್ಪತ್ತು ಮನೆಗೆ ಸ್ಯಾಂಪಲ್ ಹೋಯಿತು, ಕೊಟ್ಟವರು ಅವರಿಗೆ ಬೇಕಾದವರೇ, ಖರ್ಚನ್ನೂ ನಿನಗೆ ಅವರೇ ಕೊಟ್ಟರು. ದಸರೆಯಲ್ಲಿ ಗೊಂಬೆ ಕೂರಿಸುವ ಮನೆಗಳಿಗೆ ಒಂಬತ್ತೂ ದಿನ ಗೊಂಬೆ ಬಾಗಿನಕ್ಕೆ ತಿಂಡಿ ಬೇಕು. ಪುಟ್ಟ ಕೋಡುಬಳೆ, ನಿಪ್ಪಟ್ಟು ಮಾಡುವುದು ನಿನಗೆ ಬರುತ್ತದೆ. ಮದುವೆ, ಮುಂಜಿ, ಗೃಹಪ್ರವೇಶದ ತಾಂಬೂಲದ ಚೀಲ ಇನ್ನೊಂದು ದಾರಿ. ತೆಂಗಿನಕಾಯಿಯ ಬೆಲೆ ಕೇಳಿ ಬೆಚ್ಚಿ, ಬೇರೆ ಏನು ಇಡೋಣ ಎಂದು ಯೋಚಿಸುವವರು ಈಗ ಬೇಕಾದಷ್ಟು ಜನ. 25 ಗ್ರಾಂ ಚಟ್ನಿಪುಡಿಯ ಪುಟ್ಟ ಪ್ಯಾಕೆಟ್ 15 ರೂಪಾಯಿಯೊಳಗೆ ಕೊಡಬಲ್ಲೆ. 300 ಚೀಲದ ಮದುವೆ ಒಂದು ಸಿಕ್ಕಿತೆಂದರೆ ಏಳೂವರೆ ಕಿಲೋ ಪುಡಿ ಮುನ್ನೂರು ಅಡಿಗೆಮನೆ ಸೇರಿತು.

ಇಲ್ಲಿ ಒಂದು ಹದ ಇರಲಿ. ಮಂಗಳದ ವಸ್ತುವಿನ ಮೇಲೆ ಅಂಗಡಿ ಬೋರ್ಡು ನೇತುಹಾಕಿದ ಹಾಗೆ ಕಾಣಬಾರದು. ಮುಂಭಾಗದಲ್ಲಿ ಮನೆಯವರ ಹೆಸರು, ಶುಭಾಶಯ, ಹಿಂದೆ ಎಲ್ಲೋ ನೀನು. ಹಾಗಂತ ಕಾನೂನು ಕೇಳುವುದನ್ನು ಬಿಡುವಂತಿಲ್ಲ. ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಿಸಿದ ದಿನಾಂಕ, ಎಷ್ಟು ದಿನದೊಳಗೆ ಬಳಸಬೇಕು, ಏನೇನು ಹಾಕಿದೆ, ವಿಳಾಸ, ದೂರು ಹೇಳಲು ನಂಬರು, ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿಯ 14 ಅಂಕಿಯ ಸಂಖ್ಯೆ ಇರಲೇಬೇಕು. ಆ ನೋಂದಣಿ ಇನ್ನೂ ಮಾಡಿಸಿಲ್ಲ ಅಂತ ನಿಮ್ಮಮ್ಮ ಹೇಳಿದಳು. ಈ ಕಾಗದ ಓದಿ ಮುಗಿಸಿದ ಕೂಡಲೇ ಮಾಡುವ ಕೆಲಸ ಅದು. ಅದನ್ನು ಬರಿಯ ಕಾಟವೆಂದು ತಿಳಿಯಬೇಡ. ಪರಿಚಯವಿಲ್ಲದವರು ನಿನ್ನ ಪ್ಯಾಕೆಟ್ಟನ್ನು ತಿರುಗಿಸಿ ಮೊದಲು ಹುಡುಕುವುದು ಆ ಸಂಖ್ಯೆಯನ್ನೇ.

ಅಂಗಡಿಗಳಿಗೆ ಹಾಕುವ ಆಸೆ ಇದೆ ಅಂದೆಯಲ್ಲ. ಗಲ್ಲಾಪೆಟ್ಟಿಗೆಯ ಈ ಕಡೆ ಕೂತವನ ಮನಸ್ಸು ನನಗೆ ಗೊತ್ತು, ಕೇಳು. ಅಗ್ರಹಾರದ ನನ್ನ ಅಂಗಡಿಗೆ ಪುಡಿ, ಹಪ್ಪಳ, ಉಪ್ಪಿನಕಾಯಿ ಹಿಡಿದುಕೊಂಡು ಬರುವವರಿಗೆ ಕೊರತೆ ಇರಲಿಲ್ಲ. ಬಹಳ ಜನ ಸಂಜೆ ಆರೂವರೆಗೆ, ಅಂಗಡಿ ತುಂಬ ಗಿರಾಕಿ ಇರುವಾಗ ಬಂದು, ತಮ್ಮ ಪುಡಿಯ ಗುಣಗಾನ ಶುರುಮಾಡುತ್ತಿದ್ದರು. ಮಧ್ಯಾಹ್ನ ಮೂರು ಗಂಟೆಗೆ ಹೋಗು, ಅಂಗಡಿಯವನು ಪೇಪರು ಓದುತ್ತಿರುತ್ತಾನೆ. ಹೋಗುವಾಗ ಅವನ ಮನೆಗೆ ಅಂತ ಒಂದು ಪ್ಯಾಕೆಟ್ ಕೊಟ್ಟು, ಏನೂ ಕೇಳದೆ ವಾಪಸು ಬಾ. ವಾರ ಬಿಟ್ಟು ಮತ್ತೆ ಹೋಗು. ಅಷ್ಟರಲ್ಲಿ ಅವನ ಹೆಂಡತಿ ತೀರ್ಪು ಕೊಟ್ಟಿರುತ್ತಾಳೆ, ನಿನ್ನ ಮಾತಿಗಿಂತ ಆ ಮಾತಿಗೆ ತೂಕ. ಅಂಗಡಿಯವನು ನೂರಕ್ಕೆ ಹದಿನೈದು ಇಪ್ಪತ್ತು ಕೇಳುತ್ತಾನೆ, ಕೊಡದೆ ಗತಿಯಿಲ್ಲ, ಆದ್ದರಿಂದ ನಿನ್ನ ಬೆಲೆಯನ್ನು ಮೊದಲೇ ಅದಕ್ಕೆ ಸರಿಯಾಗಿ ಕಟ್ಟು. ಮನೆಗೆ ಕೊಡುವಾಗ ಒಂದು ಬೆಲೆ, ಅಂಗಡಿಯಲ್ಲಿ ಇನ್ನೊಂದು ಬೆಲೆ ಆದರೆ ಅವನು ಒಂದೇ ತಿಂಗಳಲ್ಲಿ ಪ್ಯಾಕೆಟ್ಟುಗಳನ್ನು ಹಿಂದಕ್ಕೆ ಕೊಡುತ್ತಾನೆ.

ಅವನು ನಿಜವಾಗಿ ಹೆದರುವುದು ಮಾತ್ರ ಕಮಿಷನ್ನಿಗಲ್ಲ, ಉಳಿದುಹೋಗುವ ಸರಕಿಗೆ. ‘ಎಂಟು ಪ್ಯಾಕೆಟ್ ಇಟ್ಟುಕೊಳ್ಳಿ, ಮಾರಿದ್ದಕ್ಕೆ ದುಡ್ಡು ಕೊಡಿ, ತಾರೀಖು ಹತ್ತಿರ ಬಂದದ್ದನ್ನು ನಾನೇ ವಾಪಸು ತಗೊಂಡು ಹೊಸದು ಇಡುತ್ತೇನೆ’ ಅಂದರೆ ಮುಕ್ಕಾಲು ಪಾಲು ಜನ ಒಪ್ಪುತ್ತಾರೆ. ಒಪ್ಪಿದ ಮೇಲೆ ಹೇಳಿದ ದಿನ ಹೋಗಿ ಧೂಳು ಒರೆಸಿ, ಹಳೆಯದನ್ನು ಮುಂದಕ್ಕೆ ಜೋಡಿಸಿ ಬರಬೇಕಾದವಳು ನೀನೇ. ಕಣ್ಣಿನ ಮಟ್ಟದ ಶೆಲ್ಫನ್ನು ದೊಡ್ಡ ಕಂಪನಿಯವರು ಹಿಡಿದಿರುತ್ತಾರೆ, ಅದಕ್ಕೆ ಕೈ ಚಾಚಬೇಡ. ಗಲ್ಲಾ ಪಕ್ಕ ಒಂದು ಗೇಣು ಜಾಗ ಕೇಳು. ಮೊದಲು ನಾಲ್ಕೇ ಅಂಗಡಿ, ಅದೂ ನೀನು ಸ್ಕೂಟರಿನಲ್ಲಿ ಒಂದೇ ಸುತ್ತಿಗೆ ಮುಟ್ಟಿ ಬರುವಂಥವು. ಹಿಟ್ಟಿನ ಗಿರಣಿಯ ಮಾಲೀಕನನ್ನು ಮರೆಯಬೇಡ. ಮನೆಯಲ್ಲೇ ಪುಡಿ ಮಾಡಿಸುವವರೆಲ್ಲ ಅಲ್ಲಿಗೇ ಬರುತ್ತಾರೆ, ‘ಈ ಸಲ ಹುರಿಯಲು ಆಗಲಿಲ್ಲ ಕಣಪ್ಪ’ ಎಂದು ಅವನ ಹತ್ತಿರವೇ ಹೇಳುತ್ತಾರೆ.

ಗೂಗಲ್ ನಕ್ಷೆಯಲ್ಲಿ ಹೆಸರು ನೋಂದಾಯಿಸುವುದಕ್ಕೆ ಕಾಸು ಖರ್ಚಿಲ್ಲ. ಮನೆಯಿಂದ ಮಾಡುವ ವ್ಯಾಪಾರವಾದ್ದರಿಂದ ವಿಳಾಸ ಮರೆಮಾಡಿ, ಯಾವ ಯಾವ ಬಡಾವಣೆಗೆ ತಲುಪಿಸುತ್ತೀಯ ಅಂತ ಮಾತ್ರ ತೋರಿಸಬಹುದು. ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆ. ಮೆಚ್ಚಿದ ಗಿರಾಕಿಯನ್ನು ನಾಲ್ಕು ಸಾಲು ಬರೆಯಲು ಕೇಳುವುದು ತಪ್ಪಲ್ಲ. ಬರೆದರೆ ಒಂದು ಪ್ಯಾಕೆಟ್ ಪುಕ್ಕಟೆ ಅನ್ನುವುದು ಗೂಗಲ್‌ನ ನಿಯಮಕ್ಕೂ ವಿರುದ್ಧ, ಓದುವವರಿಗೂ ಗೊತ್ತಾಗಿಬಿಡುತ್ತದೆ. ಯಾರಾದರೂ ‘ಉಪ್ಪು ಜಾಸ್ತಿ’ ಎಂದು ಬರೆದರೆ ವಾದಕ್ಕೆ ಇಳಿಯದೆ ಎರಡು ಸಾಲಿನಲ್ಲಿ ಉತ್ತರ ಕೊಟ್ಟು, ಮನೆಗೆ ಫೋನು ಮಾಡು.

ಪುಡಿಯ ವ್ಯಾಪಾರದಲ್ಲಿ ಕೊಳ್ಳುವವರ ಮನಸ್ಸಿನ ಮೂಲೆಯಲ್ಲಿ ಒಂದು ಶಂಕೆ ಇದ್ದೇ ಇರುತ್ತದೆ, ಬಣ್ಣ ಬೆರೆಸಿದ್ದಾರೋ, ಹಳೆಯ ಧನಿಯವೋ ಅಂತ. ಬೆಂಗಳೂರಿನ ಎಂಟಿಆರ್ ಹೋಟೆಲಿನಲ್ಲಿ ಊಟಕ್ಕೆ ಬಂದವರು ಅಡಿಗೆಮನೆಯನ್ನು ಕಣ್ಣಾರೆ ನೋಡುವ ಹಾಗೆ ಮಾಡಿದ್ದರು. ಅದನ್ನು ನಡೆಸುತ್ತಿದ್ದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪು ಸುತ್ತಿ ಬಂದು, ಅಲ್ಲಿನ ಶುಚಿಯ ಕ್ರಮಗಳನ್ನು ಇಲ್ಲಿಗೆ ತಂದವರು. ಅಡಿಗೆಮನೆ ಕಂಡವರು ಸಾಗು, ದೋಸೆಯ ಬಗ್ಗೆ ಎರಡನೆಯ ಪ್ರಶ್ನೆ ಕೇಳಲಿಲ್ಲ. ನಿನ್ನ ಮನೆಗೆ ಎಲ್ಲರನ್ನೂ ಕರೆಯಲಾರೆ, ಆದರೆ ಕೈಯಲ್ಲಿ ಫೋನಿದೆ. ಕಿಟಕಿಯ ಬೆಳಕಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವುದು, ಧನಿಯ ಆರಿಸುವುದು, ಕರಿಬೇವು ಬಾಣಲೆಯಲ್ಲಿ ಚಟಪಟ ಅನ್ನುವುದು, ಅರ್ಧ ನಿಮಿಷ ಸಾಕು. ಹಾಡು ಸೇರಿಸಬೇಡ, ಹುರಿಯುವ ಸದ್ದೇ ಇರಲಿ. ತಿಂಗಳಿಗೆ 15,000 ಕೇಳಿದವರು ಮಾಡಿಕೊಡುವ ಹೊಳೆಯುವ ಚಿತ್ರಕ್ಕಿಂತ ಇದನ್ನು ಜನ ನಂಬುತ್ತಾರೆ ಅನ್ನುವುದು ನನ್ನ ಅಂದಾಜು. ಕೊಂಡವರು ಅದನ್ನು ತಮ್ಮ ಅಕ್ಕತಂಗಿಯರಿಗೆ ಕಳಿಸುತ್ತಾರೆ.

ರಿಯಾಯಿತಿ ಬೇಡವೇ ಬೇಡ. 100 ರೂಪಾಯಿಯ ಪ್ಯಾಕೆಟ್ಟನ್ನು ಹಬ್ಬಕ್ಕೆ 80ಕ್ಕೆ ಕೊಟ್ಟರೆ ನಿನ್ನ 25ರಲ್ಲಿ 20 ಹೋಯಿತು, ಮುಂದಿನ ತಿಂಗಳು ಮತ್ತೆ 100 ಅಂದಾಗ ಬೆಲೆ ಏರಿಸಿದೆ ಅನ್ನುತ್ತಾರೆ. ಅದರ ಬದಲು ಕೊಸರು ಹಾಕು. ತರಕಾರಿಯವಳು ತಕ್ಕಡಿ ಇಳಿಸಿದ ಮೇಲೆ ಒಂದು ಹಿಡಿ ಕೊತ್ತಂಬರಿ ಚೀಲಕ್ಕೆ ಎಸೆಯುತ್ತಾಳಲ್ಲ, ಹಾಗೆ. ಸಾರಿನ ಪುಡಿ ಕೊಳ್ಳುವವರಿಗೆ ಎರಡು ಚಮಚ ಮೆಂತ್ಯದ ಹಿಟ್ಟು. ಖರ್ಚು ನಾಲ್ಕೈದು ರೂಪಾಯಿ, ಮುಂದಿನ ಸಲ ಅದಕ್ಕೂ ಆರ್ಡರ್ ಬರುತ್ತದೆ. ಉದ್ರಿ ಮಾತ್ರ ಕೊಸರಲ್ಲ. ಉದ್ರಿ ಕೊಟ್ಟರೆ ಗಿರಾಕಿ ಉಳಿಯುತ್ತಾರೆ ಅನ್ನುವುದು ಭ್ರಮೆ, ಬಾಕಿ ಇಟ್ಟವರು ನಿನ್ನ ಬೀದಿಯನ್ನೇ ತಪ್ಪಿಸಿ ಓಡಾಡುತ್ತಾರೆ.

ಮಕ್ಕಳನ್ನು ಅಮೆರಿಕಕ್ಕೋ ಜರ್ಮನಿಗೋ ಕಳಿಸಿದ ತಾಯಂದಿರು ಒಂದೇ ಸಲಕ್ಕೆ ಎರಡು ಮೂರು ಕಿಲೋ ಕೊಳ್ಳುವ ಗಿರಾಕಿಗಳು. ಸೂಟ್‌ಕೇಸಿನಲ್ಲಿ ಒಡೆಯದ ಹಾಗೆ ಗಾಳಿ ತೆಗೆದು ಸೀಲು ಮಾಡಿ, ಏನೇನು ಹಾಕಿದೆ ಎಂದು ಇಂಗ್ಲಿಷಿನಲ್ಲಿ ಅಚ್ಚು ಹಾಕಿದ ಪ್ಯಾಕೆಟ್ ಬೇಕು ಅವರಿಗೆ. ನಿನ್ನ ನೋಟ್‌ಬುಕ್ಕಿನಲ್ಲಿ ಅಂಥ ಮನೆಗಳಿಗೆ ಒಂದು ಗುರುತು ಹಾಕಿಕೊ, ರಜಕ್ಕೆ ಮಕ್ಕಳು ಬಂದುಹೋಗುವ ತಿಂಗಳು ವಿಚಾರಿಸು.

ಅದೇ ನೋಟ್‌ಬುಕ್ಕಿನಲ್ಲಿ ಇನ್ನೊಂದು ಕಾಲಂ ಎಳೆ: ‘ಯಾರು ಹೇಳಿದರು?’ ಹೊಸಬರು ಯಾರೇ ಫೋನು ಮಾಡಲಿ, ನನ್ನ ನಂಬರು ಎಲ್ಲಿ ಸಿಕ್ಕಿತು ಅಂತ ಕೇಳಿ ಬರೆದುಕೊ. ಡಬ್ಬಿಯ ಸ್ಟಿಕರೋ, ತಾಂಬೂಲದ ಚೀಲವೋ, ಗಿರಣಿಯವನೋ, ಗೂಗಲೋ. ಮೂರು ತಿಂಗಳಾದ ಮೇಲೆ ಕೂತು ಎಣಿಸು. ಏನೂ ಹುಟ್ಟದ ಕೆಲಸವನ್ನು ಮರುಮಾತಿಲ್ಲದೆ ಬಿಡು, ನಾನು ಹೇಳಿದ್ದಾದರೂ ಸರಿ. ಆಗಲೂ ದುಡ್ಡು ಕೊಟ್ಟು ಪ್ರಚಾರ ಮಾಡಿಸಬೇಕು ಅನ್ನಿಸಿದರೆ, ಇನ್‌ಸ್ಟಾಗ್ರಾಂನಲ್ಲಿ ನೀನೇ ದಿನಕ್ಕೆ ನೂರಿನ್ನೂರು ರೂಪಾಯಿಗೆ, ನೀನಿರುವ ಕುವೆಂಪುನಗರದ ಸುತ್ತ ಮೂರು ನಾಲ್ಕು ಕಿಲೋಮೀಟರಿಗೆ ಮಾತ್ರ ಕಾಣುವ ಹಾಗೆ ಒಂದು ವಾರ ಹಾಕಿ ನೋಡು. ಬಂದ ಆರ್ಡರುಗಳೂ ಅದೇ ಕಾಲಮ್ಮಿನಲ್ಲಿ ಬೀಳಲಿ.

ಕೊನೆಗೆ ಒಂದು ವಿಷಯ. ನಿಮ್ಮತ್ತೆಗೆ ಹುಳಿಪುಡಿ ಬಹಳ ಹಿಡಿಸಿದೆ. ನಮ್ಮ ಮನೆಯನ್ನೂ ವರ್ತನೆಗೆ ಬರೆದುಕೊ: ತಿಂಗಳಿಗೆ ಹುಳಿಪುಡಿ ಎರಡು, ಸಾರಿನ ಪುಡಿ ಒಂದು, ಖಾರ ಸ್ವಲ್ಪ ಕಮ್ಮಿ. ದುಡ್ಡು ಇವತ್ತೇ ಫೋನಿನಲ್ಲಿ ಹಾಕಿದ್ದೇನೆ. ಮಾವ ಅಂತ ಬೇಡವೆಂದು ವಾಪಸು ಕಳಿಸೀಯ, ಜೋಕೆ.

ಇತಿ ಆಶೀರ್ವಾದಗಳೊಂದಿಗೆ,
ನಿನ್ನ ಮಾವ